ಹದಿನೇಳನೇ ತಾಕಿನ ಸೇವಂತಿಗೆ

ಶಿಡ್ಲಘಟ್ಟ
12 ಜೂನ್ 2023

ಪ್ರಯೋಗ ತೋಟದ ಅಧಿಕಾರಿ ಹರಿತಾ ಅವರಿಗೆ, ವಜೀರುನ್ನೀಸಾಳ ನಮಸ್ಕಾರ.

ಈ ಪತ್ರದ ಜೊತೆಗಿರುವ ಡಬ್ಬದಲ್ಲಿ ಬೇರು ಬಿಟ್ಟ ಸೇವಂತಿಗೆ ಸಸಿಗಳಿವೆ. ಒದ್ದೆ ಗೋಣಿ ಸುತ್ತಿದ್ದೇನೆ. ಕೈಗೆ ಬಂದ ಕೂಡಲೇ ನೆರಳಿಗಿಡಿ.

ಮನೆತೋಟಕ್ಕೆ ಒಪ್ಪುವ ಹೊಸ ತಳಿಗಳನ್ನು ಯಾರು ಬೇಕಾದರೂ ಪರೀಕ್ಷೆಗೆ ಕಳಿಸಬಹುದು ಎಂಬ ನಿಮ್ಮ ಕಂಪನಿಯ ಪ್ರಕಟಣೆಯನ್ನು ಜಬೀನ್ ಮೊಬೈಲಿನಲ್ಲಿ ತೋರಿಸಿದಳು. ಜಬೀನ್ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನನ್ನ ಹತ್ತಿರವೇ ಬೆಳೆದವಳು, ನನ್ನನ್ನು ಖಾಲಾ ಎಂದು ಕರೆಯುತ್ತಾಳೆ. ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂದು ಜ್ವರದಲ್ಲಿ ಎರಡು ಕಿವಿಯೂ ಪೂರ್ತಿ ಹೋದುವು, ಕೆಲಸ ಬಿಟ್ಟೆ. ಹಾಗಾಗಿ ಫೋನು ಮಾಡಬೇಡಿ. ಮನೆಯಲ್ಲಿರುವ ಮೊಬೈಲು ಜಬೀನಳದು. ನನಗೆ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆಯಿರಿ.

ತಾರಸಿಯ ಮೇಲೆ ನಾಟಿ ಸೇವಂತಿಗೆಯನ್ನೂ ಕುಂಡದ ಸೇವಂತಿಗೆಯನ್ನೂ ಕೂಡಿಸಿ ಬೀಜ ಹಿಡಿದು ಬಿತ್ತುತ್ತಾ ಬಂದೆ. ಹುಟ್ಟಿದ್ದರಲ್ಲಿ ಹೆಚ್ಚಿನವು ಕಸ. ಒಂದು ವರ್ಷ ಸಿಮೆಂಟಿನ ತೊಟ್ಟಿಯಲ್ಲಿ ಇದು ಎದ್ದಿತು. ಎಸಳಿನ ಹೊರಮೈ ತಾಮ್ರ, ಒಳಗೆ ಕೆನೆ. ವಾಸನೆ ತುಸು ಖಾರ. ಪಕ್ಕದ ಗಿಡಗಳ ಕುಡಿಯೆಲ್ಲ ಹೇನು ಕಟ್ಟಿ ಮುರುಟಿಕೊಂಡರೂ ಇದರ ಮೇಲೆ ಒಂದು ಹುಳ ಕೂರುವುದಿಲ್ಲ. ಗಿಡ ಗುಂಡಗಾಗಲು ಕುಡಿ ಚಿವುಟುತ್ತಿರಬೇಕು. ಆ ಕೆಲಸ ನಮ್ಮ ಮನೆಯಲ್ಲಿ ಜಬೀನಳದೇ. ನನ್ನ ಬೆರಳಿಗಿಂತ ಅವಳದು ನಾಜೂಕು.

ಬೆಳೆದು ನೋಡಿ. ಚೆನ್ನಾಗಿಲ್ಲ ಅನ್ನಿಸಿದರೆ ಹಾಗೇ ಬರೆಯಿರಿ.

ವಜೀರುನ್ನೀಸಾ


ಗೌರಿಬಿದನೂರು
3 ಜುಲೈ 2023

ವಜೀರುನ್ನೀಸಾ ಮೇಡಂ ಅವರಿಗೆ,

ಸಸಿಗಳು ಒಂದೂ ಬಾಡದೆ ತಲುಪಿದವು. ನಾಟಿ ಆಗಿದೆ.

ನಮ್ಮ ಪದ್ಧತಿ ಹೀಗಿದೆ. ಪ್ರತಿ ತಳಿಗೂ ಒಂದು ತಾಕು, ತಾಕಿಗೆ ಒಂದು ನಂಬರು. ಬೆಳೆಸಿದವರ ಹೆಸರು ತೀರ್ಪುಗಾರರಿಗೆ ತಿಳಿಯುವುದಿಲ್ಲ. ಹೋಲಿಸಿ ನೋಡಲು ಪೇಟೆಯಲ್ಲಿ ಈಗಾಗಲೇ ಓಡುತ್ತಿರುವ ಹಳೆಯ ತಳಿಯೊಂದನ್ನು ನಡುನಡುವೆ ಹಾಕಿರುತ್ತೇವೆ. ಬಣ್ಣ, ಗಿಡದ ಆಕಾರ, ಮಳೆ ತಡೆಯುವ ಶಕ್ತಿ, ರೋಗ ಕೀಟ, ಹೂ ಬಾಳಿಕೆ ಇವಕ್ಕೆಲ್ಲ ಅಂಕ. ನಿಮ್ಮದು ಹದಿನೇಳನೇ ತಾಕು. ಈ ವರ್ಷದ ಪ್ರಯೋಗ ಪೂರ್ತಿ ನನ್ನ ಜವಾಬ್ದಾರಿ, ಅದೂ ಮೊದಲ ಸಲ. ನಾನು ಕೈವಾರದ ಕಡೆಯ ರೈತರ ಮನೆಯವಳು. ಟೊಮೆಟೊ ಬಿಟ್ಟು ಹೂವಿನ ಹಿಂದೆ ಹೋದೆ ಎಂದು ಮನೆಯಲ್ಲಿ ಈಗಲೂ ನಗುತ್ತಾರೆ.

ನಿಮ್ಮ ತಾಕನ್ನು ಮಾಲಾ ಎಂಬಾಕೆ ನೋಡಿಕೊಳ್ಳುತ್ತಾಳೆ. ಕುಡುಮಲಕುಂಟೆಯ ಫ್ಯಾಕ್ಟರಿ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಳು. "ಅಲ್ಲಿ ಉಸ್ರು ಕಟ್ತಿತ್ತು ಮೇಡಂ, ಇಲ್ಲಿ ಗಾಳಿ ಬೆಳಕು ಐತೆ" ಅನ್ನುತ್ತಾಳೆ. ಕುಡಿ ಚಿವುಟುವುದರಲ್ಲಿ ನಿಮ್ಮ ಜಬೀನಳಿಗೆ ಪೈಪೋಟಿ ಕೊಡಬಲ್ಲಳು.

ಹರಿತಾ


ಶಿಡ್ಲಘಟ್ಟ
21 ಸೆಪ್ಟೆಂಬರ್ 2023

ಪ್ರಿಯ ಹರಿತಾ ಅವರಿಗೆ,

ಮೊಗ್ಗು ಬಂದಿರಬೇಕು. ಇಲ್ಲಿ ಬಂದಿದೆ. ರಾತ್ರಿ ಬೀದಿದೀಪದ ಬೆಳಕು ಬೀಳುವ ಮೂಲೆಯಲ್ಲಿ ಮಾತ್ರ ತಡ.

ಜಬೀನಳನ್ನು ಅವಳ ಚಿಕ್ಕಪ್ಪನ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸದಿಂದ ಬಿಡಿಸಿದೆ. ದಿನವಿಡೀ ಗೂಡು ಬೇಯುವ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳುಗಳೆಲ್ಲ ಕೆಂಪಾಗಿ ಸೀಳು ಬಿಟ್ಟಿದ್ದವು. ನಮ್ಮ ಊರಿನಲ್ಲಿ ಆ ಕೈ ಹೊಸದಲ್ಲ. ನನ್ನ ತಾಯಿಯ ಕೈಯೂ ಹಾಗೇ ಇತ್ತು. ಆದರೆ ಇವಳು ಮದುವೆಮನೆಗಳಿಗೆ ಹೋಗಿ ಮೆಹಂದಿ ಹಾಕುವುದನ್ನು ಚೆನ್ನಾಗಿ ಕಲಿತಿದ್ದಾಳೆ. ಅದೊಂದನ್ನೇ ಮಾಡಲಿ, ಬಿಡುವಿನಲ್ಲಿ ಗಿಡ ನೋಡಿಕೊಳ್ಳಲಿ ಎಂದೆ. ನೀರು ಬಿಟ್ಟರೆ ಕೈ ತಾನಾಗಿ ವಾಸಿಯಾಗುತ್ತದೆ.

ವಜೀರುನ್ನೀಸಾ


ಗೌರಿಬಿದನೂರು
18 ನವೆಂಬರ್ 2023

ಟೀಚರ್,

ಇನ್ನು ಮೇಡಂ ಅನ್ನುವುದಿಲ್ಲ. ಮೊನ್ನೆ ತೀರ್ಪು ಮುಗಿಯಿತು. ನಿಮ್ಮ ಸೇವಂತಿಗೆ ಎಲ್ಲಕ್ಕಿಂತ ಮೇಲೆ ನಿಂತಿದೆ!

ಹಿಂದಿನ ವಾರ ಜಡಿಮಳೆ. ತೀರ್ಪುಗಾರರು ಬರುವ ಹೊತ್ತಿಗೆ ಅರ್ಧ ತೋಟ ನೆಲಕ್ಕೆ ಒರಗಿತ್ತು. ನಿಮ್ಮದು ಮೈ ಕೊಡವಿ ನಿಂತ ಹಾಗಿತ್ತು. ಚಿಕ್ಕಬಳ್ಳಾಪುರ ಮಾರುಕಟ್ಟೆಯ ಹೂವಿನ ವ್ಯಾಪಾರಿ ಚಲಪತಿಯವರು ತೀರ್ಪುಗಾರರಲ್ಲಿ ಒಬ್ಬರು. ಯಾವ ತಾಕಿನ ಮುಂದೆಯೂ ನಿಮಿಷ ನಿಲ್ಲದವರು ಹದಿನೇಳರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಏನಮ್ಮಾ ಇದು, ಎಲೆ ತಿರುಗಿಸಿದ್ರೂ ಒಂದು ನುಸಿ ಇಲ್ವಲ್ಲ! ಎಷ್ಟು ಸಲ ಔಷಧಿ ಹೊಡ್ದಿದೀರಿ?" ಅಂದರು. ಒಂದು ಸಲವೂ ಇಲ್ಲ ಎಂದೆ. ನಂಬಲಿಲ್ಲ. ಅಕ್ಕಪಕ್ಕದ ತಾಕುಗಳಿಗೆ ಮಾತ್ರ ಹೊಡೆದದ್ದನ್ನು ಬರೆದಿಟ್ಟ ಚೀಟಿಗಳನ್ನು ತೋರಿಸಬೇಕಾಯಿತು.

ಒಂದು ವಿಷಯ ಕೇಳಬೇಕು. ಸಸಿ ಕಳಿಸುವ ಮೊದಲು ನೀವು ಇದಕ್ಕೆ ಏನಾದರೂ ಔಷಧಿ, ಪುಡಿ, ಎಣ್ಣೆ ಹಾಕುತ್ತಿದ್ದಿರಾ? ಹಾಕಿದ್ದರೂ ತಪ್ಪೇನಿಲ್ಲ, ತಿಳಿದಿರಲಿ ಎಂದು ಅಷ್ಟೇ. ಮಾಲಾ ಈಗ ಕೆಲಸಕ್ಕೆ ಬರುತ್ತಿಲ್ಲ. ಬೇರೆಯವರನ್ನು ಹಾಕಿದ್ದೇನೆ.

ಹರಿತಾ


ಶಿಡ್ಲಘಟ್ಟ
27 ನವೆಂಬರ್ 2023

ಹರಿತಾ ಅವರಿಗೆ,

ಸಂತೋಷದ ಸುದ್ದಿ ಓದಿ ಕಣ್ಣು ತುಂಬಿ ಬಂತು. ಕೊನೆಯ ಪ್ರಶ್ನೆ ಓದಿ ಅದು ಆರಿತು. ನಾನು ಯಾವತ್ತೂ ಯಾವ ಔಷಧಿಯನ್ನೂ ಹಾಕಿಲ್ಲ. ಶಾಲೆಯಲ್ಲಿ ನಕಲು ಹೊಡೆದ ಮಕ್ಕಳನ್ನು ಕೇಳುವ ಹಾಗೆ ನನ್ನನ್ನು ಕೇಳಿದ್ದೀರಿ. ತೀರ್ಪುಗಾರರಿಗೆ ಸಂಶಯವಿದ್ದರೆ ಇಲ್ಲಿಗೇ ಬಂದು ತಾರಸಿ ಹತ್ತಿ ನೋಡಲಿ.

ಗೆದ್ದ ತಳಿಗೆ ಹೆಸರಿಡುವುದು ಬೆಳೆಸಿದವರ ಹಕ್ಕು ಎಂದು ಪ್ರಕಟಣೆಯಲ್ಲಿತ್ತು. 'ಜಬೀನ್' ಎಂದಿಡಿ. ನಮ್ಮ ಮಾತಿನಲ್ಲಿ ಹಾಗೆಂದರೆ ಹಣೆ. ಹೂವಿಗೆ ಒಪ್ಪುತ್ತದೆ.

ಜಬೀನ್ ಚೆನ್ನಾಗಿದ್ದಾಳೆ. ಕೈಯೂ ಪರವಾಗಿಲ್ಲ.

ವಜೀರುನ್ನೀಸಾ


ಗೌರಿಬಿದನೂರು
9 ಫೆಬ್ರವರಿ 2024

ಟೀಚರ್,

ನಿಮ್ಮನ್ನು ನೋಯಿಸುವ ಉದ್ದೇಶ ನನಗಿರಲಿಲ್ಲ. ಇನ್ನು ಆ ಮಾತು ಎತ್ತುವುದಿಲ್ಲ.

ತಳಿಯ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಪತ್ರಕ್ಕೆ ನೀವು ಸಹಿ ಹಾಕಿ ಕಳಿಸಿದ್ದು ಬಂತು. ಇನ್ನು ಸಸಿ ಹೆಚ್ಚಿಸುವ ಕೆಲಸ. ಹೆಸರಿನ ವಿಷಯದಲ್ಲಿ ನಮ್ಮ ಮಾರಾಟ ವಿಭಾಗದ ಮುಖ್ಯಸ್ಥ ರಮೇಶ್‌ಬಾಬು ಅವರು ಒಪ್ಪಲಿಲ್ಲ. "ಜಬೀನ್ ಅಂದ್ರೆ ಜನಕ್ಕೆ ನಾಲಿಗೆ ಹೊರಳಲ್ಲಮ್ಮ" ಅಂದರು. 'ತಾಮ್ರಸಿರಿ' ಎಂದಿಟ್ಟಿದ್ದಾರೆ. ಬೆಳೆಸಿದವರ ಹೆಸರು ಕೆಳಗೆ ಬರುತ್ತದೆ. ಅಷ್ಟಾದರೂ ಉಳಿಸಿಕೊಂಡೆ.

ಆದರೆ ಒಂದು ಒಳ್ಳೆಯ ವಿಚಾರವೂ ಇದೆ. ಪೋಸ್ಟರಿಗೆ ಎರಡು ಕೈಗಳು ಹೂಗೊಂಚಲನ್ನು ಹಿಡಿದಿರುವ ಫೋಟೋ ಬೇಕಂತೆ. ಮೆಹಂದಿ ಹಾಕಿದ ಜಬೀನಳ ಕೈಗಳು ಎಂದು ನಾನೇ ಸೂಚಿಸಿದೆ. ಎಲ್ಲರಿಗೂ ಹಿಡಿಸಿತು. ಮುಖ ಬೇಡ, ಕೈ ಸಾಕು. ಯಾವತ್ತು ಬರಲಿ?

ಹರಿತಾ


ಶಿಡ್ಲಘಟ್ಟ
20 ಫೆಬ್ರವರಿ 2024

ಹರಿತಾ,

ಬರಬೇಡಿ. ಜಬೀನಳ ಕೈ ಫೋಟೋ ಆಗುವುದಿಲ್ಲ. ಕಾರಣ ಕೇಳಬೇಡಿ.

ವಜೀರುನ್ನೀಸಾ


ಗೌರಿಬಿದನೂರು
1 ಮಾರ್ಚ್ 2024

ಟೀಚರ್,

ನಾನು ಮೊದಲೇ ಯೋಚಿಸಬೇಕಿತ್ತು. ನಿಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಫೋಟೋ ಹೊರಗೆ ಹೋಗುವುದು ಇಷ್ಟವಾಗುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ನಿಮ್ಮ ಪದ್ಧತಿಗೆ ಗೌರವವಿದೆ. ಬೆಂಗಳೂರಿನಿಂದ ಮಾಡೆಲ್ ಒಬ್ಬಳನ್ನು ಕರೆಸುತ್ತಿದ್ದಾರೆ. ತಪ್ಪು ತಿಳಿಯಬೇಡಿ.

ಹರಿತಾ


ಶಿಡ್ಲಘಟ್ಟ
5 ಆಗಸ್ಟ್ 2024

ಹರಿತಾ,

ಪೋಸ್ಟರು ತಲುಪಿತು. ಬಸ್ ನಿಲ್ದಾಣದ ಗೋಡೆಗೂ ಅಂಟಿಸಿದ್ದಾರೆ. ಮಾಡೆಲ್ ಹುಡುಗಿಯ ಕೈ ಬಹಳ ಚಂದ ಇದೆ.

ನಿಮ್ಮ ಹಳೆಯ ಪತ್ರಗಳನ್ನು ಮತ್ತೆ ಓದಿದೆ. ಮೊದಲ ಪತ್ರದಲ್ಲಿ ಮಾಲಾ ಹೀಗೆ ಅನ್ನುತ್ತಾಳೆ, ಹಾಗೆ ಚಿವುಟುತ್ತಾಳೆ ಎಂದು ಬರೆದಿದ್ದಿರಿ. ಈಗ ಅವಳ ಹೆಸರೇ ಇಲ್ಲ. ಅವಳು ಕೆಲಸಕ್ಕೆ ವಾಪಸ್ಸು ಬಂದಳೇ? ಯಾಕೆ ಬಿಟ್ಟಿದ್ದಳು?

ವಜೀರುನ್ನೀಸಾ


ಗೌರಿಬಿದನೂರು
14 ನವೆಂಬರ್ 2024

ಟೀಚರ್,

ನಿಮ್ಮ ಪತ್ರಕ್ಕೆ ಮೂರು ತಿಂಗಳು ಉತ್ತರ ಬರೆಯಲಿಲ್ಲ. ಏನು ಬರೆಯಬೇಕು ಎಂದು ನನಗೇ ಗೊತ್ತಿರಲಿಲ್ಲ. ಮೊನ್ನೆ ಮಾಲಾಳ ಮನೆಗೆ ಹೋಗಿ ಬಂದೆ.

ಹೋದ ವರ್ಷ ಅವಳ ಕೈ ಊದಿಕೊಂಡಿತ್ತು. ಬೆರಳ ಸಂದುಗಳಲ್ಲಿ ನೀರುಗುಳ್ಳೆ. ಪಕ್ಕದ ತಾಕುಗಳಿಗೆ ಔಷಧಿ ಹೊಡೆಸುವವಳು ನಾನು, ಕೆಲಸದವರಿಗೆ ಗ್ಲೋವ್ಸ್ ಕೊಟ್ಟಿರಲಿಲ್ಲ. ಅದರದ್ದೇ ಇರಬೇಕೆಂದು ಹೆದರಿದೆ. ಮೊದಲ ಪ್ರಯೋಗಕ್ಕೇ ಕೆಟ್ಟ ಹೆಸರು ಬರುತ್ತದೆಂದು ಅವಳನ್ನು ಮನೆಗೆ ಕಳಿಸಿ ಸುಮ್ಮನಾದೆ. ನಿಮ್ಮನ್ನು ಔಷಧಿ ಹಾಕಿದ್ದಿರಾ ಎಂದು ಕೇಳಿದ್ದು ಅದಕ್ಕೇ. ನಿಮ್ಮ ಕಡೆ ಬೊಟ್ಟು ಮಾಡಲು ಸಾಧ್ಯವೇ ಎಂದು ನೋಡುತ್ತಿದ್ದೆ.

ಈಗ ಅವಳ ಮುಖಕ್ಕೂ ಬಂದಿದೆ. ರೆಪ್ಪೆ ಊದಿ ಕಣ್ಣು ಗೀಟಿನಷ್ಟಾಗಿದೆ. ಊರಿನ ಡಾಕ್ಟರು ಕಾಂಗ್ರೆಸ್ ಗಿಡದ ನಂಜು ಅಂದರಂತೆ. ರಸ್ತೆಯ ಇಕ್ಕೆಲದಲ್ಲೂ ಅದೇ ಗಿಡ ತಾನೇ, ನಾನೂ ನಂಬಿದೆ. ಮಾಲಾ ನಂಬಿರಲಿಲ್ಲ.

"ಹುಟ್ದಾಗಿಂದ ಕಾಂಗ್ರೆಸ್ ಗಿಡ ಕಿತ್ತಿದೀನಿ ಮೇಡಂ, ಏನೂ ಆಗಿರ್ಲಿಲ್ಲ. ಬೇರೆ ಸಾಲಲ್ಲಿ ಚಿವುಟ್ದಾಗ್ಲೂ ಆಗ್ಲಿಲ್ಲ. ಹದಿನೇಳಕ್ಕೆ ಹೋದ್ರೆ ಸಾಕು, ಕೈ ಉರಿಯೋದು. ಅವತ್ತೇ ಹೇಳ್ದೆನಲ್ಲ ನಿಮ್ಗೆ."

"ನಾನು ಔಷಧಿ ಅಂದ್ಕೊಂಡೆ ಮಾಲಾ."

"ಅಂದ್ಕೊಂಡು ಏನ್ ಮಾಡಿದ್ರಿ? ಯಾರ್ಗೂ ಹೇಳ್ಬೇಡ ಅಂದ್ರಿ."

ಈಗ ಕಾಂಗ್ರೆಸ್ ಗಿಡ ಸೋಕಿದರೂ ಉರಿಯುತ್ತದಂತೆ, ಅವಳು ಹೊಲದ ಕಡೆಗೂ ಹೋಗುವಂತಿಲ್ಲ. ಬಾಗಿಲು ಮುಚ್ಚಿಕೊಂಡು ಒಳಗೇ ಕೂತಿರುತ್ತಾಳೆ.

ಟೀಚರ್, ದಯವಿಟ್ಟು ನಿಜ ಹೇಳಿ. ಜಬೀನಳ ಕೈ ವಾಸಿಯಾಯಿತೇ?

ಹರಿತಾ


ಶಿಡ್ಲಘಟ್ಟ
25 ನವೆಂಬರ್ 2024

ಹರಿತಾ,

ಇಲ್ಲ. ವಾಸಿಯಾಗಲಿಲ್ಲ.

ಬಿಸಿನೀರು ಬಿಟ್ಟು ಒಂದು ವರ್ಷ ದಾಟಿತು. ಕೈ ಇನ್ನೂ ಕೆಟ್ಟಿತು. ಮೊದಮೊದಲು ಹಳೆಯ ಗಾಯ ನಿಧಾನಕ್ಕೆ ಮಾಯುತ್ತದೆ ಎಂದುಕೊಂಡೆ. ಆಮೇಲೆ ಏನನ್ನೂ ಅಂದುಕೊಳ್ಳುವುದು ಬೇಡ ಎಂದು ಬಿಟ್ಟೆ. ಗಿಡ ಗೆಲ್ಲುತ್ತಿತ್ತಲ್ಲ. ನೀವು ಫೋಟೋ ಕೇಳಿದಾಗ ಅವಳ ಅಂಗೈ ಬಿರಿದು ರಕ್ತ ಒಸರುತ್ತಿತ್ತು. ನೀವು ಅದನ್ನು ನಮ್ಮ ಪದ್ಧತಿ ಎಂದುಕೊಂಡಿರಿ. ನನಗೆ ಮೈ ಉರಿಯಿತು. ಆದರೂ ಅನುಕೂಲವೇ ಆಯಿತೆಂದು ತಿದ್ದಲಿಲ್ಲ. ಮೆಹಂದಿ ಹಾಕುವವಳ ಕೈಯೇ ಹಾಗಿದ್ದರೆ ಯಾವ ಮದುಮಗಳು ಕೈ ಚಾಚುತ್ತಾಳೆ? ಕರೆಯುವುದನ್ನು ಬಿಟ್ಟರು.

ನಿಮ್ಮ ಪತ್ರ ಬಂದ ಮರುದಿನವೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಚರ್ಮದ ಡಾಕ್ಟರನ್ನು ಕಂಡೆವು. ನಾನು ಗಿಡದ ಕುಡಿಯನ್ನೇ ಕವರಿನಲ್ಲಿ ಒಯ್ದಿದ್ದೆ. ಅವಳ ಬೆನ್ನಿಗೆ ಬೇರೆ ಬೇರೆ ವಸ್ತುಗಳ ಜೊತೆ ಆ ಎಲೆಯ ಚೂರನ್ನೂ ಅಂಟಿಸಿ ಎರಡು ದಿನ ಬಿಟ್ಟು ಬನ್ನಿ ಎಂದರು. ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಎಲೆ ಇದ್ದ ಜಾಗ ಸುಟ್ಟ ಹಾಗೆ ಎದ್ದಿತ್ತು. ಕಾಂಗ್ರೆಸ್ ಗಿಡದ ಜಾಗವೂ ಎದ್ದಿತ್ತು. ಡಾಕ್ಟರು ನನಗಾಗಿ ಕಾಗದದ ಮೇಲೆ ಬರೆದು ತೋರಿಸಿದರು. ಸೇವಂತಿಗೆ, ಕಾಂಗ್ರೆಸ್ ಗಿಡ ಎರಡೂ ಒಂದೇ ಕುಟುಂಬದವಂತೆ. ಎಲ್ಲರಿಗೂ ಹೀಗಾಗುವುದಿಲ್ಲವಂತೆ. ಆದರೆ ಒಮ್ಮೆ ಒಂದು ಮೈಗೆ ಒಗ್ಗದೆ ಹೋದರೆ ಇನ್ನೊಂದೂ ಒಗ್ಗದೆ ಹೋಗಬಹುದಂತೆ, ಆಯುಷ್ಯಪೂರ್ತಿ ಹಾಗೇ ಅಂತೆ. ಮಾಲಾಳಿಗೆ ಕಾಂಗ್ರೆಸ್ ಗಿಡ ಈಗ ಯಾಕೆ ತಾಕುತ್ತಿದೆ ಎಂಬುದಕ್ಕೂ ಇದೇ ಉತ್ತರ ಇರಬೇಕು. ಅವಳನ್ನು ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹುಳ ಯಾಕೆ ಕೂರುವುದಿಲ್ಲ ಎಂದು ನಾವು ಯಾರೂ ಕೇಳಲಿಲ್ಲ. ಕೂರುವುದಿಲ್ಲ ಎಂದು ಅಂಕ ಕೊಟ್ಟೆವು.

ಮನೆಗೆ ಬಂದು ತಾರಸಿಯ ಗಿಡಗಳನ್ನೆಲ್ಲ ಕಿತ್ತೆ. ತುಂಬ ಹೂ ಇತ್ತು. ಜಬೀನ್ ಕೆಳಗೆ ಮೆಟ್ಟಿಲ ಹತ್ತಿರ ಮೂಗುಬಾಯಿ ಮುಚ್ಚಿಕೊಂಡು ನಿಂತಿದ್ದಳು. ಬಟ್ಟೆ ಸರಿಸಿ ಏನೋ ಅಂದಳು, ತುಟಿ ಓದಿದೆ. "ಖಾಲಾ, ಒಂದನ್ನಾದರೂ ಉಳಿಸಿಕೊಳ್ಳಿ. ನಿಮ್ಮ ಇಷ್ಟು ವರ್ಷದ ಕೆಲಸ." ಆ ಹುಡುಗಿ ಹಾಗೆ ಅಂದಿದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಮಾರಾಟ ನಿಲ್ಲಿಸಿ. ನನ್ನ ಗಿಡವನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ ಎಂದು ನಿಮ್ಮ ಮೇಲಿನವರಿಗೆ ಹೇಳಿ.

ವಜೀರುನ್ನೀಸಾ


ಗೌರಿಬಿದನೂರು
19 ಡಿಸೆಂಬರ್ 2024

ಟೀಚರ್,

ನಿಮ್ಮ ಪತ್ರವನ್ನೂ ಜೊತೆಗಿದ್ದ ಡಾಕ್ಟರ ವರದಿಯನ್ನೂ ಹಿಡಿದು ರಮೇಶ್‌ಬಾಬು ಅವರ ಮುಂದೆ ನಿಂತೆ. ಮಾಲಾಳಿಗೂ ಅದೇ ಪರೀಕ್ಷೆ ಮಾಡಿಸಿದೆ, ಅದೇ ಫಲಿತಾಂಶ. ಅವರು ಪೂರ್ತಿ ಓದಿದರು.

"ಏನಮ್ಮ ಹರಿತಾ, ಗುಲಾಬಿ ಮುಳ್ಳು ಚುಚ್ಚಲ್ವಾ? ಚುಚ್ಚುತ್ತೆ ಅಂತ ಗುಲಾಬಿ ಮಾರೋದು ಬಿಟ್ಟಿದೀವಾ?"

"ಮುಳ್ಳು ಕಣ್ಣಿಗೆ ಕಾಣುತ್ತೆ ಸರ್."

"ಇಬ್ಬರಿಗೆ ಆಗಿದೆ. ಸಾವಿರಾರು ಜನ ಮನೇಲಿ ಇಟ್ಕೊಂಡಿದಾರೆ, ಒಬ್ರಾದ್ರೂ ದೂರು ಕೊಟ್ರಾ?"

"ಅವರಿಗೂ ನನ್ನ ಹಾಗೆ ಬೇರೆ ಏನೋ ಕಾರಣ ಅನ್ನಿಸಿರುತ್ತೆ ಸರ್."

ಕೊನೆಗೆ ಗಿಡದ ಚೀಟಿಯ ಹಿಂಭಾಗದಲ್ಲಿ 'ಕೈಗವಸು ಬಳಸುವುದು ಉತ್ತಮ' ಎಂದು ಸಣ್ಣಕ್ಷರದಲ್ಲಿ ಹಾಕಲು ಒಪ್ಪಿದರು. ಹಕ್ಕು ಈಗ ಕಂಪನಿಯದು, ನೀವು ವಾಪಸ್ಸು ಕೇಳುವಂತಿಲ್ಲ ಎಂದು ತಿಳಿಸಲು ಹೇಳಿದರು. ನನ್ನನ್ನು ಪ್ರಯೋಗ ತೋಟದಿಂದ ತೆಗೆದು ಚಿಂತಾಮಣಿಯ ಬೀಜದ ಗೋದಾಮಿಗೆ ಹಾಕಿದ್ದಾರೆ. ಅಲ್ಲಿ ಮೂಟೆ ಲೆಕ್ಕ ನೋಡುವುದೇ ಕೆಲಸ. ಬಿಟ್ಟುಬಿಡಬೇಕು ಅನ್ನಿಸುತ್ತದೆ. ಇನ್ನೂ ಬಿಟ್ಟಿಲ್ಲ. ಹಾಗೆಂದು ಬರೆಯುವಾಗ ನಾಚಿಕೆಯಾಗುತ್ತದೆ.

ಜನವರಿ ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ಕಂಪನಿಯ ಹೂಗಿಡಗಳ ಮೇಳ. ಅಲ್ಲಿ ನಿಮಗೆ ಸನ್ಮಾನ ಇಟ್ಟಿದ್ದಾರೆ. ನನಗೆ ಬರಬಾರದೆಂದು ಹೇಳಿದ್ದಾರೆ. ನೀವೂ ಹೋಗಬೇಡಿ.

ಹರಿತಾ


ಶಿಡ್ಲಘಟ್ಟ
28 ಜನವರಿ 2025

ಹರಿತಾ,

ನಾನು ಹೋದೆ. ನೀವು ಬೇಡ ಎಂದದ್ದನ್ನು ಓದಿದ ಮೇಲೂ ಹೋದೆ. ಇಷ್ಟು ಜನರ ಎದುರಿಗೆ ಮೈಕು ಕೈಗೆ ಕೊಡುತ್ತಾರಲ್ಲ, ಇದಕ್ಕಿಂತ ಒಳ್ಳೆಯ ಅವಕಾಶ ಯಾವುದು ಎಂದುಕೊಂಡೆ. ಮಾಲಾಳಿಗೂ ಹೇಳಿ ಕಳಿಸಿದ್ದೆ, ಬಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂತಳು. ಜಬೀನಳನ್ನು ಗಿಡಗಳಿಂದ ದೂರ, ಗೇಟಿನಾಚೆ ನಿಲ್ಲಿಸಿದ್ದೆ.

ವೇದಿಕೆಯ ಅಂಚಿಗೆಲ್ಲ ನನ್ನ ಗಿಡವನ್ನೇ ಜೋಡಿಸಿದ್ದರು. ಇಷ್ಟು ಚಂದವಾಗಿ ಅದು ನನ್ನ ತಾರಸಿಯಲ್ಲಿ ಎಂದೂ ಅರಳಿರಲಿಲ್ಲ. ಶಾಲು ಹೊದಿಸಿದರು, ಫಲಕ ಕೊಟ್ಟರು. ಆಮೇಲೆ ರಮೇಶ್‌ಬಾಬು ಅವರು ಮೈಕು ಕೊಟ್ಟರು. ನಾನು ಹೀಗೆ ಮಾತಾಡಿದೆ:

"ಎಲ್ಲರಿಗೂ ನಮಸ್ಕಾರ. ಈ ಗಿಡವನ್ನು ಹುಟ್ಟಿಸಿದವಳು ನಾನು. ದಯವಿಟ್ಟು ಇದನ್ನು ಮನೆಗೆ ಒಯ್ಯಬೇಡಿ. ಒಯ್ದವರು ಇದರ ಕುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನನ್ನ ಮನೆಯ ಹುಡುಗಿಯ ಕೈ ಹೋಯಿತು. ತೋಟದಲ್ಲಿ ಇದನ್ನು ಸಾಕಿದ ಮಾಲಾ ಅಲ್ಲಿ ಕೂತಿದ್ದಾಳೆ, ಅವಳ ಮುಖ ನೋಡಿ."

ಇನ್ನೂ ಹೇಳಿದೆ. ಡಾಕ್ಟರು ಹೇಳಿದ್ದು, ಚೀಟಿಯ ಹಿಂದಿನ ಸಣ್ಣಕ್ಷರ, ಎಲ್ಲವನ್ನೂ. ಯಾರೂ ತಡೆಯಲಿಲ್ಲ. ರಮೇಶ್‌ಬಾಬು ಅವರು ಆ ಕಡೆ ನಿಂತು ಏನೋ ಮಾತಾಡುತ್ತಿದ್ದರು, ನಗುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಮಾಲಾ ಎದ್ದು ನಿಂತು ಕೈ ಬೀಸಿ ಬೀಸಿ ಏನೋ ಕೂಗುತ್ತಿದ್ದಳು. ನನಗೆ ಬೆಂಬಲ ಕೊಡುತ್ತಿದ್ದಾಳೆ ಎಂದುಕೊಂಡೆ. ಪಕ್ಕದವರು ಅವಳನ್ನು ಕೂರಿಸಿದರು. ಇಳಿದು ಬರುವಾಗ ಮನಸ್ಸು ಹಗುರವಾಗಿತ್ತು. ಎಷ್ಟೋ ವರ್ಷದ ಮೇಲೆ ಪಾಠ ಮಾಡಿ ಮುಗಿಸಿದ ಹಾಗೆ.

ಬಸ್ಸಿನಲ್ಲಿ ಜಬೀನ್ ಕಿಟಕಿಯ ಕಡೆಯೇ ನೋಡುತ್ತಿದ್ದಳು. ನಾನು, "ಕೇಳಿಸಿತಾ? ಗೇಟಿನ ತನಕ ಬಂತಾ?" ಎಂದೆ. ತಲೆ ಅಲ್ಲಾಡಿಸಿದಳು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಮತ್ತೆ ಮತ್ತೆ ಕೇಳಿದೆ. ಊರು ಹತ್ತಿರ ಬಂದ ಮೇಲೆ ನನ್ನ ಕಡೆ ತಿರುಗಿ, ತುಟಿ ಚೆನ್ನಾಗಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು:

"ಖಾಲಾ, ಹುಟ್ಟಿಸಿದವಳು ನಾನು ಅನ್ನುವ ತನಕ ಕೇಳಿಸಿತು. ಆಮೇಲೆ ಮೈಕ್ ಆಫ್ ಮಾಡಿಬಿಟ್ಟರು. ಇನ್ನೊಂದು ಮೈಕಿನಲ್ಲಿ ಅವರು, ಟೀಚರ್ ಸಂತೋಷಕ್ಕೆ ಅಳುತ್ತಾ ಇದ್ದಾರೆ, ಒಂದು ಜೋರು ಚಪ್ಪಾಳೆ ಕೊಡಿ, ಅಂದರು."

ಮಾಲಾ ಕೂಗುತ್ತಿದ್ದದ್ದು ಅದನ್ನೇ. ಮೈಕು ಹೋಗಿದೆ ಟೀಚರ್ ಎಂದು.

ಹರಿತಾ, ನಿಮ್ಮ ಮೇಲೆ ನನಗಿದ್ದ ಸಿಟ್ಟು ಈಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಅದಕ್ಕೂ ಶಕ್ತಿ ಬೇಕಲ್ಲ. ಜಬೀನ್ ಚಿಕ್ಕಪ್ಪನ ಅಂಗಡಿಯಲ್ಲಿ ನೂಲು ತೂಗುವ ಕಡೆ ಕೂರುತ್ತೇನೆ ಅನ್ನುತ್ತಿದ್ದಾಳೆ, ಬಟ್ಟೆಯ ಕೈಗವಸು ಹಾಕಿಕೊಂಡು. ಮಾಲಾ ಇವತ್ತು ಅವಳಿಗೆ ಫೋನು ಮಾಡಿದ್ದಳು. ನಾವು ಹೊರಟ ಮೇಲೂ ಅವಳು ಮೇಳದಲ್ಲೇ ಇದ್ದಳಂತೆ. ಗಿಡ ಕೊಂಡು ಹೊರಟವರಿಗೆಲ್ಲ ಅಡ್ಡ ನಿಂತು ಸೆರಗು ಸರಿಸಿ ಮುಖ ತೋರಿಸಿದಳಂತೆ. ಕೆಲವರು ಪಾಪ ಅಂದರಂತೆ. ಒಬ್ಬರು ಕೈಗೆ ಹತ್ತು ರೂಪಾಯಿ ಇಟ್ಟರಂತೆ.

ಸಂಜೆಯೊಳಗೆ ಮಳಿಗೆಯಲ್ಲಿದ್ದ ಆ ಗಿಡಗಳೆಲ್ಲ ಖರ್ಚಾದುವಂತೆ.

ವಜೀರುನ್ನೀಸಾ